ಮಂಡಿಗೆ, ಮೊಣಕೈಗೆ, ಕೂದಲಿಗೆ ಪಿಆರ್‌ಪಿ: ಎಲ್ಲಿ ಉಪಯೋಗ, ಎಲ್ಲಿ ಬೇಡ

ಅವ್ವ ಮಂಡ್ಯದಿಂದ ಬೆಳಗಿನ ರೈಲಿಗೆ ಬಂದಿದ್ದಳು. ಕಾಫಿ ಲೋಟ ಕೆಳಗಿಡುವ ಮೊದಲೇ ಕೈಚೀಲದಿಂದ ಒಂದು ಚೀಟಿ ತೆಗೆದು ಕೊಟ್ಟಳು. "ಎರಡು ಮಂಡಿಗೂ ಮೂರ್ಮೂರು ಇಂಜೆಕ್ಷನ್ ಅಂತೆ. ನನ್ ರಕ್ತವೇ ತಗೊಂಡು ನಂಗೇ ಹಾಕ್ತಾರಂತೆ. ಅದಕ್ಕೆ ಯಾಕ್ ಮಗ ಇಷ್ಟೊಂದು ದುಡ್ಡು?"

ಚೀಟಿಯಲ್ಲಿ ಪಿಆರ್‌ಪಿ ಎಂದು ಬರೆದಿತ್ತು. ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ಅಂದರೆ ರಕ್ತ ಕಟ್ಟುವ ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ಹಾಗೆ ಮಾಡಿದ ಪ್ಲಾಸ್ಮಾ, ರಕ್ತದ ಹಳದಿ ನೀರು. ಒಟ್ಟು 48 ಸಾವಿರ ರೂಪಾಯಿ. ಅವ್ವನ ಪ್ರಶ್ನೆ ನನಗೆ ಸರಿಯಾಗಿಯೇ ಕಂಡಿತು.

ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಟೆಕ್ನೀಷಿಯನ್. ರಕ್ತ ತೆಗೆಯುವುದು, ಟ್ಯೂಬ್ ತಿರುಗಿಸುವುದು, ಕಣ ಎಣಿಸುವುದು, ಇದೇ ದಿನದ ಕೆಲಸ. ನಾನು ಡಾಕ್ಟರ್ ಅಲ್ಲ. ಆದರೆ ಪಿಆರ್‌ಪಿ ತಯಾರಿಸುವುದು ಅರ್ಧಕ್ಕಿಂತ ಜಾಸ್ತಿ ಲ್ಯಾಬಿನ ಕೆಲಸವೇ. ಅವ್ವನಿಗಾಗಿ ಆ ಒಂದು ತಿಂಗಳು ಓದಿದ್ದು, ಮೂಳೆ ಡಾಕ್ಟರುಗಳನ್ನು ಕೇಳಿ ತಿಳಿದಿದ್ದು, ಟ್ಯೂಬಿನಲ್ಲಿ ನಾನೇ ನೋಡಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯಾರೋ ಇಂಥದೇ ಚೀಟಿ ಹಿಡಿದು ಕೂತಿರಬಹುದು.

ಟ್ಯೂಬಿನೊಳಗೆ ಏನಿರುತ್ತದೆ

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ ಪ್ಲೇಟ್‌ಲೆಟ್ ಎಂದರೆ ಎಲ್ಲರಿಗೂ ನೆನಪಾಗುವುದು ಡೆಂಗ್ಯೂ. ಅಲ್ಲಿ ಬೇರೆಯವರು ದಾನ ಮಾಡಿದ ಪ್ಲೇಟ್‌ಲೆಟ್ ಅನ್ನು ರಕ್ತನಾಳಕ್ಕೆ ಏರಿಸುತ್ತಾರೆ. ಪಿಆರ್‌ಪಿ ಅದಲ್ಲ. ಇದು ನಿಮ್ಮದೇ ರಕ್ತ, ಹಾಕುವುದು ನೋವಿರುವ ಜಾಗಕ್ಕೆ ಮಾತ್ರ. ಇದು ಸ್ಟೆಮ್ ಸೆಲ್ ಚಿಕಿತ್ಸೆಯೂ ಅಲ್ಲ. ಯಾರಾದರೂ ಎರಡೂ ಒಂದೇ ಎಂದು ಹೇಳಿದರೆ ಅವರ ಬೇರೆ ಮಾತುಗಳನ್ನೂ ನಂಬುವ ಮೊದಲು ಯೋಚಿಸಿ.

ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಗಾಯವಾದಾಗ ಇವು ಓಡಿ ಬಂದು ರಕ್ತ ಕಟ್ಟುತ್ತವೆ. ಅಷ್ಟೇ ಅಲ್ಲ, ತಮ್ಮೊಳಗಿನ ಸಣ್ಣ ಸಣ್ಣ ಚೀಲಗಳನ್ನು ಒಡೆದು ಬೆಳವಣಿಗೆಗೆ ಬೇಕಾದ ಪ್ರೋಟೀನುಗಳನ್ನು ಹೊರಬಿಡುತ್ತವೆ. ಹೊಸ ಜೀವಕೋಶ ಬನ್ನಿ, ಹೊಸ ರಕ್ತನಾಳ ಹುಟ್ಟಲಿ ಎಂದು ಕರೆ ಕಳಿಸಿದ ಹಾಗೆ. ಈ ಕಣಗಳನ್ನು ಒಟ್ಟು ಮಾಡಿ ಹಾಕಿದರೆ ವಾಸಿಯಾಗುವುದು ಬೇಗ ಆಗಬಹುದು ಎನ್ನುವುದೇ ಪಿಆರ್‌ಪಿಯ ಹಿಂದಿನ ಯೋಚನೆ. ಯೋಚನೆ ಚೆನ್ನಾಗಿದೆ. ಆದರೆ ಮೈಯಲ್ಲಿ ನಿಜವಾಗಿ ಹಾಗೆ ಆಗುತ್ತದೆಯೇ ಎನ್ನುವುದು ಬೇರೆ ಮಾತು. ಅದಕ್ಕೆ ಪ್ರಯೋಗ ನೋಡಬೇಕು.

ತಯಾರಿಸುವುದು ಹೀಗೆ. ತೋಳಿನಿಂದ ಸುಮಾರು 20ರಿಂದ 60 ಮಿಲಿ ರಕ್ತ ತೆಗೆಯುತ್ತಾರೆ. ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ಬೆರೆಸಿರುತ್ತಾರೆ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಎದುರುಬದುರು ತೂಕ ಸರಿಮಾಡಿ ಟ್ಯೂಬ್ ಇಟ್ಟು ತಿರುಗಿಸುತ್ತಾರೆ. ಹೊರಗೆ ತೆಗೆದಾಗ ಕೆಳಗೆ ಕಡುಗೆಂಪು, ನಡುವೆ ದಾರದಷ್ಟು ತೆಳುವಾದ ಬಿಳಿ ಗೆರೆ, ಮೇಲೆ ಹಳದಿ ನೀರು. ಎಳನೀರಿಗೆ ಚಿಟಿಕೆ ಅರಿಸಿನ ಹಾಕಿದರೆ ಬರುತ್ತದಲ್ಲ, ಆ ಬಣ್ಣ.

ಎಲ್ಲರೂ ಆ ಹಳದಿಯೇ ಪಿಆರ್‌ಪಿ ಎಂದುಕೊಳ್ಳುತ್ತಾರೆ. ತಪ್ಪಾಗುವುದು ಅಲ್ಲೇ.

ಒಂದು ಮಧ್ಯಾಹ್ನ ಕೆಲಸ ಕಡಿಮೆ ಇದ್ದಾಗ ನನ್ನ ರಕ್ತವನ್ನೇ ಎರಡು ಟ್ಯೂಬಿಗೆ ತೆಗೆದೆ. ಎರಡಕ್ಕೂ ನನ್ನ ಹೆಸರು ಬರೆದೆ. ತಿರುಗಿಸುವ ಮೊದಲು ಎಣಿಸಿದಾಗ 2.4 ಲಕ್ಷ ಇತ್ತು. ಒಂದನ್ನು ನಿಧಾನವಾಗಿ ತಿರುಗಿಸಿದೆ. ಇನ್ನೊಂದನ್ನು ಮಾಮೂಲಿ ಪರೀಕ್ಷೆಗೆ ಮಾಡುವಂತೆ ಜೋರಾಗಿ. ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ನಿಧಾನದ್ದರ ಹಳದಿ ಸ್ವಲ್ಪ ಮಸುಕು, ಅಲ್ಲಾಡಿಸಿದರೆ ಹೊಗೆಯ ಹಾಗೆ ಸುತ್ತುತ್ತಿತ್ತು. ಜೋರಿನದ್ದು ಗಾಜಿನ ಹಾಗೆ ತಿಳಿ. ನೋಡುವುದಕ್ಕೆ ಇದೇ ಚೆನ್ನಾಗಿತ್ತು. ಯಂತ್ರದಲ್ಲಿ ಎಣಿಸಿದೆ. ಮಸುಕು ಹಳದಿಯಲ್ಲಿ ನಾಲ್ಕು ಲಕ್ಷದ ಮೇಲೆ. ತಿಳಿ ಹಳದಿಯಲ್ಲಿ ಪ್ಲೇಟ್‌ಲೆಟ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಜೋರಾಗಿ ತಿರುಗಿಸಿದಾಗ ಅವೂ ಕೆಳಗಿಳಿದು ಆ ಬಿಳಿ ಗೆರೆಯಲ್ಲಿ ಕೂತುಬಿಟ್ಟಿದ್ದವು. ಮೇಲಿನ ತಿಳಿಯನ್ನು ಎಳೆದು ಮಂಡಿಗೆ ಹಾಕಿದರೆ ಹೆಸರು ಪಿಆರ್‌ಪಿ, ಒಳಗಿರುವುದು ಬರೀ ಪ್ಲಾಸ್ಮಾ.

ಅದಕ್ಕೇ ಹಲವು ಕಡೆ ಎರಡು ಸಲ ತಿರುಗಿಸುತ್ತಾರೆ. ಮೊದಲು ನಿಧಾನವಾಗಿ ತಿರುಗಿಸಿ ಕೆಂಪು ಬೇರೆ ಮಾಡುತ್ತಾರೆ. ಆಮೇಲೆ ಹಳದಿಯನ್ನು ಇನ್ನೊಂದು ಟ್ಯೂಬಿಗೆ ಹಾಕಿ ಜೋರಾಗಿ ತಿರುಗಿಸಿ ಪ್ಲೇಟ್‌ಲೆಟ್ ಅನ್ನು ತಳದಲ್ಲಿ ಕೂಡಿಸುತ್ತಾರೆ. ಮೇಲಿನ ಹೆಚ್ಚಿನ ಭಾಗ ಚೆಲ್ಲಿ, ತಳದ ಸ್ವಲ್ಪವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಸರಿಯಾಗಿ ಮಾಡಿದರೆ ಮೈಕ್ರೋಲೀಟರಿಗೆ ಹತ್ತು ಲಕ್ಷದ ಹತ್ತಿರ ಹೋಗುತ್ತದೆ. ಇದರಲ್ಲೇ ಇನ್ನೊಂದು ಭೇದ ಇದೆ. ಬಿಳಿ ರಕ್ತಕಣ ಉಳಿಸಿಕೊಂಡಿದ್ದು ಒಂದು ಬಗೆ, ತೆಗೆದಿದ್ದು ಇನ್ನೊಂದು. ಮಂಡಿ ಕೀಲಿನೊಳಗೆ ಹಾಕುವುದಕ್ಕೆ ಬಿಳಿ ಕಣ ಕಡಿಮೆ ಇರುವುದನ್ನೇ ಹೆಚ್ಚಿನವರು ಆರಿಸುತ್ತಾರೆ, ಉರಿ ಊತ ಕಡಿಮೆ ಎಂದು.

ಅಂದರೆ ಪಿಆರ್‌ಪಿ ಎನ್ನುವುದು ಮಾತ್ರೆಯ ಹಾಗೆ ಒಂದೇ ಅಳತೆಯ ಔಷಧಿ ಅಲ್ಲ. ಕುವೆಂಪುನಗರದ ಕ್ಲಿನಿಕ್ಕಿನದ್ದೂ ಸರಸ್ವತಿಪುರದ ಕ್ಲಿನಿಕ್ಕಿನದ್ದೂ ಬೇರೆ ಬೇರೆ ಇರಬಹುದು. ಪಕ್ಕದ ಮನೆಯವರಿಗೆ ವಾಸಿಯಾಯಿತು ಎಂಬ ಮಾತಿನಿಂದ ನಿಮಗೆ ತಿಳಿಯುವುದು ತುಂಬಾ ಕಡಿಮೆ. ಪ್ರಯೋಗಗಳ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಬರುವುದಕ್ಕೂ ಇದು ಒಂದು ಕಾರಣ.

ಮಂಡಿ ಸವೆತ: ಐದು ದಾರಿ

ಅವ್ವನ ವಿಷಯ ಇದೇ, ನಮ್ಮ ಜಿಲ್ಲೆಯ ಎಷ್ಟೋ ಹೆಂಗಸರದ್ದೂ ಇದೇ. ನಾಟಿ ಮಾಡಿ, ಕಳೆ ಕಿತ್ತು, ಕುಕ್ಕರುಗಾಲಲ್ಲಿ ಕೂತು ಈಳಿಗೆಮಣೆಯಲ್ಲಿ ಹೆಚ್ಚಿ ಅರವತ್ತಾಗುವ ಹೊತ್ತಿಗೆ ಮಂಡಿ ಸವೆದಿರುತ್ತದೆ. ಎಕ್ಸ್‌ರೇಯಲ್ಲಿ ಸವೆತವನ್ನು ಒಂದರಿಂದ ನಾಲ್ಕರವರೆಗೆ ಗ್ರೇಡ್ ಮಾಡುತ್ತಾರೆ, ನಾಲ್ಕು ಎಂದರೆ ಎಲ್ಲಕ್ಕಿಂತ ಹೆಚ್ಚು ಸವೆತ. ಅವ್ವನದ್ದು ಎರಡು. ಯಾವ ದಾರಿ ಹಿಡಿಯಬೇಕು ಎನ್ನುವುದಕ್ಕೆ ಈ ಸಂಖ್ಯೆ ಮುಖ್ಯ. ಮೊದಲು ಅದನ್ನು ಕೇಳಿ ಬರೆದುಕೊಳ್ಳಿ.

ಮೊದಲನೆಯ ದಾರಿ ವ್ಯಾಯಾಮ ಮತ್ತು ತೂಕ. ಇದನ್ನು ಹೇಳಿದರೆ ಜನಕ್ಕೆ ಬೇಜಾರು. ದುಡ್ಡು ಕೊಟ್ಟು ಬಂದವರಿಗೆ ಡಾಕ್ಟರು ಏನೂ ಕೊಡಲಿಲ್ಲ ಅನ್ನಿಸುತ್ತದೆ. ಆದರೆ ಸಾಕ್ಷ್ಯ ಗಟ್ಟಿಯಾಗಿ ಇರುವುದು ಇದಕ್ಕೇ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಮನೆಯಿಂದ ನಾಲೆ ಏರಿವರೆಗೆ ಎಷ್ಟು ಹೆಜ್ಜೆ ಆಗುತ್ತದೆ ಎಂದು ಲೆಕ್ಕ ಹಾಕಿ. 2020ರಲ್ಲಿ ಅಮೆರಿಕದಲ್ಲಿ 156 ಜನರ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು. ಅರ್ಧ ಜನಕ್ಕೆ ಫಿಸಿಯೋಥೆರಪಿ, ಉಳಿದವರಿಗೆ ಸ್ಟೀರಾಯ್ಡ್ ಇಂಜೆಕ್ಷನ್. ಒಂದು ವರ್ಷದ ನಂತರ ಫಿಸಿಯೋಥೆರಪಿಯವರೇ ಚೆನ್ನಾಗಿದ್ದರು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಮಂಡಿಯ ಭಾರವನ್ನು ಅದು ಹೊರುತ್ತದೆ. ಒಂದೇ ಕಷ್ಟ, ಎಂಟು ಹತ್ತು ವಾರ ಬಿಡದೆ ಮಾಡಬೇಕು.

ಎರಡನೆಯದು ಸ್ಟೀರಾಯ್ಡ್, ಉರಿ ಊತ ಇಳಿಸುವ ಔಷಧಿಯನ್ನು ಕೀಲಿನೊಳಗೆ ಚುಚ್ಚುವುದು. ಔಷಧಿಯ ಬೆಲೆ ನೂರರ ಲೆಕ್ಕದಲ್ಲಿ. ಕೆಲವೇ ದಿನದಲ್ಲಿ ನೋವು ಇಳಿಯುತ್ತದೆ. ಕೆಲವು ವಾರ, ಹೆಚ್ಚೆಂದರೆ ಎರಡು ಮೂರು ತಿಂಗಳು ಇರುತ್ತದೆ. ಮಂಡಿ ಊದಿಕೊಂಡು ಕಾಲು ಊರಲೂ ಆಗದಿದ್ದಾಗ, ಅಥವಾ ಮಗಳ ಮದುವೆ ಮುಂದಿನ ವಾರ ಇದ್ದಾಗ ಇದು ಉಪಕಾರಿ. ಆದರೆ ಮತ್ತೆ ಮತ್ತೆ ಬೇಡ. 140 ಜನರಿಗೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಕೊಟ್ಟು ನೋಡಿದ ಪ್ರಯೋಗ 2017ರಲ್ಲಿ ಬಂತು. ಹೋಲಿಕೆಗೆಂದು ಔಷಧಿಯಿಲ್ಲದ ಬರೀ ಉಪ್ಪುನೀರು ಹಾಕಿಸಿಕೊಂಡವರಿಗಿಂತ ಸ್ಟೀರಾಯ್ಡ್ ಹಾಕಿಸಿಕೊಂಡವರ ಮಂಡಿಯ ಮೆತ್ತನೆ ಪದರ ಹೆಚ್ಚು ಸವೆದಿತ್ತು, ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಇನ್ನೊಂದು ಮಾತು. ಸಕ್ಕರೆ ಕಾಯಿಲೆ ಇರುವವರಿಗೆ ಸ್ಟೀರಾಯ್ಡ್ ಹಾಕಿದ ಮೇಲೆ ಕೆಲವು ದಿನ ಶುಗರ್ ಏರುತ್ತದೆ. ಹಾಕಿಸಿಕೊಂಡ ವಾರ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಿ.

ಮೂರನೆಯದನ್ನು ನಮ್ಮವರು ಜೆಲ್ ಇಂಜೆಕ್ಷನ್ ಎನ್ನುತ್ತಾರೆ, ಹಯಲುರಾನಿಕ್ ಆಸಿಡ್. ಕೀಲಿಗೆ ಎಣ್ಣೆ ಬಿಟ್ಟ ಹಾಗೆ ಎಂದು ಹೇಳಿ ಹಾಕುತ್ತಾರೆ. ಸಾವಿರಗಳ ಲೆಕ್ಕ. ಉಪ್ಪುನೀರಿಗಿಂತ ಅಷ್ಟೇನೂ ಮೇಲಲ್ಲ ಎಂದು ದೊಡ್ಡ ದೊಡ್ಡ ಪ್ರಯೋಗಗಳು ಹೇಳುತ್ತವೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ ಇದನ್ನು ಮಾಮೂಲಿಯಾಗಿ ಬಳಸುವುದು ಬೇಡ ಎಂದಿದೆ. ನಾನು ಇದಕ್ಕೆ ದುಡ್ಡು ಹಾಕುವುದಿಲ್ಲ.

ನಾಲ್ಕನೆಯದು ಪಿಆರ್‌ಪಿ. ಇಲ್ಲಿ ಎರಡು ಕಡೆಯ ಮಾತನ್ನೂ ಕೇಳಬೇಕು.

ಚಂಡೀಗಢದ ಪಿಜಿಐ ಆಸ್ಪತ್ರೆಯ ಡಾಕ್ಟರುಗಳು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 78 ಜನ ಇದ್ದರು, ಎರಡೂ ಮಂಡಿ ಸೇರಿ 156 ಮಂಡಿ. ಕೆಲವರಿಗೆ ಒಂದು ಪಿಆರ್‌ಪಿ, ಕೆಲವರಿಗೆ ಎರಡು, ಕೆಲವರಿಗೆ ಉಪ್ಪುನೀರು. ಆರು ತಿಂಗಳವರೆಗೆ ಪಿಆರ್‌ಪಿಯವರು ಚೆನ್ನಾಗಿದ್ದರು. ಆದರೆ ಆರನೇ ತಿಂಗಳ ಹೊತ್ತಿಗೆ ಲಾಭ ಇಳಿಯುವುದಕ್ಕೆ ಶುರುವಾಗಿತ್ತು. ಒಂದು ಹಾಕಿದವರಿಗೂ ಎರಡು ಹಾಕಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಅವ್ವನ ಚೀಟಿಯ "ಮೂರ್ಮೂರು" ನೆನಪಾಗಿದ್ದು ನನಗೆ ಆಗ. ಇಂಥ ಸಣ್ಣ ಪ್ರಯೋಗಗಳು ಬೇಕಾದಷ್ಟಿವೆ. ಆರು ತಿಂಗಳು, ವರ್ಷದ ಲೆಕ್ಕದಲ್ಲಿ ಜೆಲ್‌ಗಿಂತ ಪಿಆರ್‌ಪಿ ಮೇಲು ಎಂದು ಅವುಗಳಲ್ಲಿ ಅನೇಕವು ಹೇಳುತ್ತವೆ. ಆದರೆ ಜೆಲ್ಲೇ ಬಲವಾದದ್ದಲ್ಲವಲ್ಲ, ಅದನ್ನು ಗೆದ್ದರೆ ಎಷ್ಟು ಗೆದ್ದ ಹಾಗಾಯಿತು?

ಇನ್ನೊಂದು ಕಡೆ, 2021ರಲ್ಲಿ ಆಸ್ಟ್ರೇಲಿಯಾದ ಒಂದು ಪ್ರಯೋಗ ಪ್ರಕಟವಾಯಿತು. 288 ಜನ, ಅವ್ವನ ಹಾಗೆ ಸಾಧಾರಣ ಸವೆತ ಇದ್ದವರು. ವಾರಕ್ಕೊಂದರ ಹಾಗೆ ಮೂರು ಇಂಜೆಕ್ಷನ್. ಅರ್ಧ ಜನಕ್ಕೆ ಪಿಆರ್‌ಪಿ, ಅರ್ಧ ಜನಕ್ಕೆ ಉಪ್ಪುನೀರು. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ಹಾಕುವವರಿಗೂ ಗೊತ್ತಿಲ್ಲ. ವರ್ಷದ ನಂತರ ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಳತೆ ಪಿಆರ್‌ಪಿಯವರಲ್ಲಿ 2.1 ಇಳಿದಿತ್ತು, ಉಪ್ಪುನೀರಿನವರಲ್ಲಿ 1.8. ಇದು ಗಣನೆಗೆ ಬರುವ ವ್ಯತ್ಯಾಸ ಅಲ್ಲ. ಮಂಡಿಯೊಳಗಿನ ಪದರದ ಸವೆತವೂ ನಿಲ್ಲಲಿಲ್ಲ.

ಈ 1.8ನ್ನು ಸ್ವಲ್ಪ ಹೊತ್ತು ನೋಡಿ. ಬರೀ ಉಪ್ಪುನೀರು ಹಾಕಿಸಿಕೊಂಡವರ ನೋವು ಅಷ್ಟು ಇಳಿಯಿತು. ನೋವು ಏರುವುದು ಇಳಿಯುವುದು ಅದರ ಗುಣ. ಜೋರಾದಾಗಲೇ ನಾವು ಆಸ್ಪತ್ರೆಗೆ ಹೋಗುವುದು, ಆಮೇಲೆ ತಾನಾಗಿಯೇ ಇಳಿಯುತ್ತದೆ. ಚಿಕಿತ್ಸೆ ಸಿಕ್ಕಿತು ಎಂಬ ಧೈರ್ಯವೂ ಸೇರುತ್ತದೆ. "ನಂಗೆ ಪಿಆರ್‌ಪಿಯಿಂದ ಕಡಿಮೆ ಆಯ್ತು" ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ನಿಜವಾಗಿ ಕಡಿಮೆಯಾಗಿದೆ. ಯಾವುದರಿಂದ ಎನ್ನುವುದೇ ಪ್ರಶ್ನೆ. ಆ ಪ್ರಯೋಗದಲ್ಲಿ ಪ್ಲೇಟ್‌ಲೆಟ್ ಸಾಕಷ್ಟು ಗಟ್ಟಿ ಇರಲಿಲ್ಲ ಎಂದು ಪಿಆರ್‌ಪಿ ಮಾಡುವವರ ಆಕ್ಷೇಪ ಇದೆ. ನನ್ನ ಎರಡು ಟ್ಯೂಬ್ ನೋಡಿದ ಮೇಲೆ ಆ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಾಗೆ ಹೇಳುವ ಕ್ಲಿನಿಕ್ಕು ತನ್ನ ಟ್ಯೂಬಿನ ಎಣಿಕೆ ತೋರಿಸಬೇಕು ಅಲ್ವಾ?

ತಜ್ಞರ ಸಂಘಗಳಲ್ಲೂ ಒಮ್ಮತ ಇಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ಮಂಡಿ ಸವೆತಕ್ಕೆ ಪಿಆರ್‌ಪಿ ಬೇಡ ಎಂದು ಬಲವಾಗಿ ಹೇಳಿತು. ಯಾರು ಹೇಗೆ ತಯಾರಿಸುತ್ತಾರೆ ಎನ್ನುವುದಕ್ಕೆ ಲೆಕ್ಕವೇ ಇಲ್ಲ ಎನ್ನುವುದು ಅವರ ದೊಡ್ಡ ತಕರಾರು. ಅದೇ ದೇಶದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ 2021ರಲ್ಲಿ ನೋವು ಕಡಿಮೆ ಮಾಡಬಹುದು ಎಂದಿತು, ಜೊತೆಗೆ ಇದು ಸೀಮಿತ ಸಲಹೆ ಎಂದೂ ಸೇರಿಸಿತು.

ಎಲ್ಲ ಓದಿದ ಮೇಲೆ ನನ್ನ ತೀರ್ಮಾನ ಇದು. ಗ್ರೇಡ್ ಒಂದು ಎರಡು ಇದ್ದು, ಮೂರು ತಿಂಗಳು ವ್ಯಾಯಾಮ ನಿಜವಾಗಿ ಮಾಡಿಯೂ ನೋವು ಉಳಿದು, ಆ ದುಡ್ಡು ಹೋದರೂ ಮನೆಗೆ ತೊಂದರೆ ಇಲ್ಲ ಎನ್ನುವವರು ಒಂದು ಇಂಜೆಕ್ಷನ್ ಹಾಕಿಸಿ ನೋಡಬಹುದು. ಸಾಲ ಮಾಡಿ ಹಾಕಿಸಬೇಡಿ. ಸವೆದ ಪದರ ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ಆ ಕುರ್ಚಿಯಿಂದ ಎದ್ದು ಬನ್ನಿ. ಗ್ರೇಡ್ ನಾಲ್ಕು ಇದ್ದು ಕಾಲು ಬಾಗಿದ್ದರೆ ಪಿಆರ್‌ಪಿ ದಂಡ. ಹೆಚ್ಚಿನ ಪ್ರಯೋಗಗಳು ಅಂಥವರನ್ನು ಸೇರಿಸಿಕೊಂಡೇ ಇಲ್ಲ.

ಅಂಥವರಿಗೆ ಐದನೆಯ ದಾರಿ, ಮಂಡಿ ಬದಲಿಸುವ ಆಪರೇಷನ್. ಹೆಸರು ಕೇಳಿದರೇ ಭಯ. ಆ ಭಯದಿಂದಲೇ ಎಷ್ಟೋ ಜನ ಇಂಜೆಕ್ಷನ್ನುಗಳಿಗೆ ಲಕ್ಷ ಸುರಿಯುತ್ತಾರೆ. ಸುಮಾರು ನೂರರಲ್ಲಿ 82 ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ಬೆಲೆಯೂ ಮೊದಲಿನ ಹಾಗಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿಯ ಇಂಪ್ಲಾಂಟಿಗೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಆಸ್ಪತ್ರೆ ಖರ್ಚು ಅದರ ಮೇಲೆ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ ಮೊದಲು ಒಂದು ಅಭಿಪ್ರಾಯ ಕೇಳಿ. ಇಂಜೆಕ್ಷನ್ ಮಾರುವ ಅವಸರ ಅಲ್ಲಿ ಇರುವುದಿಲ್ಲ. ಸರ್ಕಾರಿ ಯೋಜನೆಯಲ್ಲಿ ಏನು ಸಿಗುತ್ತದೆ ಎಂದೂ ಅಲ್ಲೇ ವಿಚಾರಿಸಬಹುದು.

ಮೊಣಕೈ, ಹಿಮ್ಮಡಿ

ಅಣ್ಣನಿಗೆ ಮೊಣಕೈ ನೋವು. ಕಬ್ಬು ಕಡಿಯುವ ಕಾಲದಲ್ಲಿ ಮಚ್ಚು ಬೀಸಿ ಬೀಸಿ ಬಂದಿದ್ದು. ಡಾಕ್ಟರು ಟೆನಿಸ್ ಎಲ್ಬೋ ಎಂದರು. ಅಣ್ಣ ಟೆನಿಸ್ ಬ್ಯಾಟು ಮುಟ್ಟಿದವನಲ್ಲ, ಆದರೆ ಕಾಯಿಲೆ ಅದೇ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಹಾಳಾಗಿರುತ್ತದೆ.

ಇಲ್ಲಿ ಸ್ಟೀರಾಯ್ಡ್ ಬಗ್ಗೆ ಎಚ್ಚರ ಇರಲಿ. ಆರು ವಾರಕ್ಕೆ ನೋಡಿದರೆ ಅದೇ ಗೆದ್ದಿರುತ್ತದೆ. ವರ್ಷದ ಹೊತ್ತಿಗೆ ನೋಡಿದರೆ ಏನೂ ಮಾಡದೆ ಸುಮ್ನೆ ಕಾದವರಿಗಿಂತಲೂ ಸ್ಟೀರಾಯ್ಡ್ ಹಾಕಿಸಿಕೊಂಡವರೇ ಹಿಂದೆ ಬಿದ್ದಿರುತ್ತಾರೆ. ಒಂದಕ್ಕಿಂತ ಹೆಚ್ಚು ಪ್ರಯೋಗದಲ್ಲಿ ಇದು ಕಂಡಿದೆ. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ 100 ಜನರಲ್ಲಿ ಪಿಆರ್‌ಪಿಯನ್ನೂ ಸ್ಟೀರಾಯ್ಡನ್ನೂ ಹೋಲಿಸಿದಾಗ ವರ್ಷದ ನಂತರ ಪಿಆರ್‌ಪಿ ಮುಂದಿತ್ತು. ಅದನ್ನು ತೋರಿಸಿಯೇ ಟೆನಿಸ್ ಎಲ್ಬೋಗೆ ಪಿಆರ್‌ಪಿ ಹೇಳುವುದು. ಆದರೆ ಈಗ ಹೇಳಿದ್ದನ್ನೇ ನೆನಪಿಸಿಕೊಳ್ಳಿ. ಎದುರಾಳಿಯೇ ವರ್ಷದ ಹೊತ್ತಿಗೆ ಕೆಡುಕು ಮಾಡುವಂಥದ್ದು. 2021ರಲ್ಲಿ ಕಾಕ್ರೇನ್ ಸಂಸ್ಥೆ 32 ಪ್ರಯೋಗ, 2,300ಕ್ಕೂ ಹೆಚ್ಚು ಜನರ ಲೆಕ್ಕ ಸೇರಿಸಿ ನೋಡಿತು. ಸುಳ್ಳು ಇಂಜೆಕ್ಷನ್ನಿಗಿಂತ ಪಿಆರ್‌ಪಿಯಿಂದ ಹೇಳಿಕೊಳ್ಳುವಂಥ ಲಾಭ ಬಹುಶಃ ಇಲ್ಲ ಎಂದಿತು.

ಅಣ್ಣನಿಗೆ ನಾನು ಹೇಳಿದ್ದು: ಮಚ್ಚಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೋ, ಫಿಸಿಯೋ ತೋರಿಸಿದ ಹಾಗೆ ತೂಕ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಇಳಿಸು, ಈ ಸಲದ ಕಡಿತಕ್ಕೆ ಆಳು ಹಾಕು. ಹೆಚ್ಚಿನವರಿಗೆ ವರ್ಷದೊಳಗೆ ತಾನಾಗಿ ವಾಸಿಯಾಗುವ ನೋವು ಇದು.

ಹಿಮ್ಮಡಿಯ ಅಡಿಭಾಗದ ನೋವು, ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಮುಳ್ಳು ಚುಚ್ಚಿದ ಹಾಗೆ ಆಗುತ್ತದಲ್ಲ, ಅದರಲ್ಲಿ ಪಿಆರ್‌ಪಿಯ ಸ್ಥಿತಿ ಸ್ವಲ್ಪ ವಾಸಿ. ಆರು ತಿಂಗಳ ನಂತರ ಸ್ಟೀರಾಯ್ಡ್‌ಗಿಂತ ಮುಂದೆ ಎಂದು ಹಲವು ಹೋಲಿಕೆಗಳಲ್ಲಿ ಕಂಡಿದೆ. ಆದರೂ ಮೊದಲು ಮೀನಖಂಡ ಎಳೆಯುವ ವ್ಯಾಯಾಮ, ಮೆತ್ತನೆ ಚಪ್ಪಲಿ. ಮನೆಯೊಳಗೂ ಚಪ್ಪಲಿ ಹಾಕಿ. ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುತ್ತಾ ಯಾವ ಇಂಜೆಕ್ಷನ್ ಹಾಕಿಸಿದರೂ ಪ್ರಯೋಜನ ಇಲ್ಲ. ಹಿಮ್ಮಡಿಯ ಹಿಂಭಾಗದ ಅಕಿಲಿಸ್ ಟೆಂಡನ್ ನೋವಿಗಂತೂ ಪಿಆರ್‌ಪಿ ಬೇಡ. 2010ರಲ್ಲಿ 54 ಜನರ ಮೇಲೆ, 2021ರಲ್ಲಿ ಬ್ರಿಟನ್ನಿನಲ್ಲಿ 240 ಜನರ ಮೇಲೆ ನೋಡಿದ್ದಾರೆ. ಎರಡರಲ್ಲೂ ಲಾಭ ಕಾಣಲಿಲ್ಲ.

ಕೂದಲು

ನಮ್ಮ ಲ್ಯಾಬಿಗೆ ಬರುವ ಎಳೆಯರು ಹೆಚ್ಚು ಕೇಳುವುದು ಇದನ್ನೇ. ಡೆಂಗ್ಯೂ, ಟೈಫಾಯ್ಡ್, ಹೆರಿಗೆ ಆಗಿ ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರುತ್ತದೆ. ಅದು ಆರು ತಿಂಗಳ ಆಸುಪಾಸಿನಲ್ಲಿ ತಾನಾಗಿ ನಿಂತು ಮತ್ತೆ ಬೆಳೆಯುತ್ತದೆ. ಅಂಥ ಸಮಯದಲ್ಲಿ ಪಿಆರ್‌ಪಿ ಹಾಕಿಸಿಕೊಂಡರೆ ಕೀರ್ತಿಯೆಲ್ಲ ಇಂಜೆಕ್ಷನ್ನಿಗೆ ಹೋಗುತ್ತದೆ. ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತಿಳಿಸುವ ಫೆರಿಟಿನ್ ನೋಡಿಸಿ. ಎಷ್ಟೋ ಹೆಣ್ಣುಮಕ್ಕಳ ವರದಿಯಲ್ಲಿ ಫೆರಿಟಿನ್ ತಳ ಕಂಡಿರುತ್ತದೆ.

ವಂಶದಿಂದ ಬರುವ ಬೋಳಿಗೆ ಸಾಕ್ಷ್ಯ ಗಟ್ಟಿ ಇರುವುದು ಮಿನಾಕ್ಸಿಡಿಲ್ ಎಂಬ ಔಷಧಿಗೆ, ಗಂಡಸರಿಗಾದರೆ ಫಿನಾಸ್ಟರೈಡ್ ಎಂಬುದಕ್ಕೂ. ಇವನ್ನು ಚರ್ಮದ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು, ಬಿಟ್ಟರೆ ಲಾಭವೂ ಹೋಗುತ್ತದೆ. ಪಿಆರ್‌ಪಿಯಿಂದ ಕೂದಲು ದಟ್ಟವಾದದ್ದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ತಿಂಗಳಿಗೊಂದರ ಹಾಗೆ ಮೂರು, ಆಮೇಲೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮುಂದುವರಿಸಬೇಕು. ಔಷಧಿಯ ಜೊತೆಗೆ ಸೇರಿಸುವುದಾದರೆ ಸರಿ, ಔಷಧಿಯ ಬದಲು ಬೇಡ. ನುಣ್ಣಗೆ ಹೊಳೆಯುವ ಜಾಗದಲ್ಲಿ ಕೂದಲಿನ ಬೇರೇ ಇರುವುದಿಲ್ಲ, ಅಲ್ಲಿ ಏನು ಚುಚ್ಚಿದರೂ ಹುಟ್ಟುವುದಿಲ್ಲ.

ವಾಸಿಯಾಗದ ಸಕ್ಕರೆ ಗಾಯ

ಇದರ ಬಗ್ಗೆ ಯಾರೂ ಜಾಹೀರಾತು ಹಾಕುವುದಿಲ್ಲ, ನನಗೆ ಅದೇ ಬೇಸರ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ವಾಸಿಯಾಗದೆ ಬೆರಳು, ಪಾದ ಕಳೆದುಕೊಳ್ಳುವವರನ್ನು ನಾವು ನೋಡುತ್ತಲೇ ಇದ್ದೇವೆ. ಅಂಥ ಗಾಯದ ಮೇಲೆ ಪಿಆರ್‌ಪಿಯನ್ನು ಜೆಲ್ ಮಾಡಿ ಹಚ್ಚಿದರೆ ಮುಚ್ಚುವುದಕ್ಕೆ ಸಹಾಯ ಆಗಬಹುದು ಎಂದು ಕಾಕ್ರೇನ್ ಲೆಕ್ಕವೇ ಹೇಳಿದೆ, ಪ್ರಯೋಗಗಳು ಅಷ್ಟು ಗಟ್ಟಿ ಇಲ್ಲ ಎಂಬ ಎಚ್ಚರಿಕೆಯ ಜೊತೆ. ಅಮೆರಿಕದ ಸರ್ಕಾರಿ ವಿಮೆ 2021ರಿಂದ ಇಂಥ ಗಾಯಕ್ಕೆ 20 ವಾರದವರೆಗೆ ಪಿಆರ್‌ಪಿಯ ಖರ್ಚು ಕೊಡುತ್ತಿದೆ. ಶುಗರ್ ಹತೋಟಿ, ಕಾಲಿನ ರಕ್ತ ಓಡಾಟದ ಪರೀಕ್ಷೆ, ಸತ್ತ ಚರ್ಮ ತೆಗೆಸುವುದು, ಆ ಕಾಲಿಗೆ ಭಾರ ಬೀಳದ ಹಾಗೆ ನೋಡಿಕೊಳ್ಳುವುದು, ಇಷ್ಟೂ ಮೊದಲು ಆಗಬೇಕು. ಆಮೇಲೂ ಗಾಯ ಹಟ ಹಿಡಿದರೆ ಸರ್ಜನ್ ಹತ್ತಿರ ಪಿಆರ್‌ಪಿ ಬಗ್ಗೆ ಕೇಳಿ.

ಮುಖದ ಕಾಂತಿಗೆ, ಮಕ್ಕಳಾಗದವರಿಗೆ ಗರ್ಭಕೋಶಕ್ಕೋ ಅಂಡಾಶಯಕ್ಕೋ ಹಾಕುವ ಪಿಆರ್‌ಪಿಗೆ ನಂಬುವಷ್ಟು ಸಾಕ್ಷ್ಯ ಇನ್ನೂ ಇಲ್ಲ. ಮಗುವಿಗಾಗಿ ಹಂಬಲಿಸುವವರ ಹತ್ತಿರ ಅದಕ್ಕೆ ಬೇರೆ ದುಡ್ಡು ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಹಾಕಿಸಿಕೊಳ್ಳುವುದೇ ಆದರೆ

ಒಂದು ಸಂಗತಿ ಹೇಳಲೇಬೇಕು. ಚೀಟಿ ಕೊಟ್ಟ ಆ ಕ್ಲಿನಿಕ್ಕಿಗೆ ಅವ್ವನ ಜೊತೆ ನಾನೂ ಹೋಗಿದ್ದೆ. ಒಳಗಿನ ಕೋಣೆಯ ಬಾಗಿಲು ಅರ್ಧ ತೆಗೆದಿತ್ತು. ಮೇಜಿನ ಮೇಲೆ ಒಂದು ಸ್ಟೀಲ್ ಟ್ರೇ, ಅದರಲ್ಲಿ ರಕ್ತ ತುಂಬಿದ ನಾಲ್ಕು ಟ್ಯೂಬ್. ಒಂದರ ಮೇಲೂ ಹೆಸರಿಲ್ಲ. ಹೊರಗೆ ಇಬ್ಬರು ರೋಗಿಗಳು ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದರು. ಯಾರದ್ದು ಯಾವುದು ಎಂದು ಕೇಳಿದೆ. "ಗೊತ್ತಾಗುತ್ತೆ ಮೇಡಂ, ಈ ಕಡೆ ಇಟ್ಟಿರೋದು ಅಜ್ಜಂದು" ಎಂದ ಹುಡುಗ. ನನಗೆ ಬೆನ್ನಲ್ಲಿ ತಣ್ಣಗಾಯಿತು. ಹದಿನಾಲ್ಕು ವರ್ಷದಲ್ಲಿ ನಾನು ಹೆಸರು ಬರೆಯದೆ ಒಂದು ಟ್ಯೂಬ್ ಕೆಳಗಿಟ್ಟಿಲ್ಲ. ಅವ್ವನ ಕೈ ಹಿಡಿದು ಹೊರಗೆ ಬಂದೆ.

ಇದು ಬರೀ ಶಿಸ್ತಿನ ಮಾತಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ ಮುಖಕ್ಕೆ ಪಿಆರ್‌ಪಿ ಹಾಕಿಸಿಕೊಂಡ ಹೆಂಗಸರಿಗೆ ಎಚ್‌ಐವಿ ತಗುಲಿತು. 2018ರಲ್ಲಿ ಬೆಳಕಿಗೆ ಬಂದದ್ದು. ತನಿಖೆಗೆ ಹೋದವರಿಗೆ ಅಲ್ಲಿ ಹೆಸರಿಲ್ಲದ ರಕ್ತದ ಟ್ಯೂಬುಗಳು ಸಿಕ್ಕವು. ನಿಮ್ಮದೇ ರಕ್ತ ಆದ್ದರಿಂದ ಪಿಆರ್‌ಪಿ ಸುರಕ್ಷಿತ ಎನ್ನುತ್ತಾರೆ. ನಿಮ್ಮದೇ ರಕ್ತ ನಿಮಗೇ ಬಂದರೆ ಮಾತ್ರ ಆ ಮಾತು ನಿಜ.

ಆದ್ದರಿಂದ ಟ್ಯೂಬ್ ಮೇಲೆ ನಿಮ್ಮ ಹೆಸರು ಬರೆಯುವುದನ್ನು ಕಣ್ಣಾರೆ ನೋಡಿ. ಸೂಜಿ, ಟ್ಯೂಬ್, ಕಿಟ್ ನಿಮ್ಮೆದುರಿಗೇ ಒಡೆಯಲಿ. ಎಷ್ಟು ಮಿಲಿ ರಕ್ತ ತೆಗೆದು ಎಷ್ಟು ಮಿಲಿ ಪಿಆರ್‌ಪಿ ಬಂತು ಎಂದು ಕೇಳಿ. ಹತ್ತು ಮಿಲಿ ರಕ್ತದಿಂದ ಐದು ಮಿಲಿ ಹಳದಿ ತೆಗೆದಿದ್ದರೆ ಅದರಲ್ಲಿ ಪ್ಲೇಟ್‌ಲೆಟ್ ಸಾಂದ್ರತೆ ನಿಮ್ಮ ರಕ್ತದ್ದರ ಎರಡು ಪಟ್ಟು ದಾಟುವುದಕ್ಕೆ ಸಾಧ್ಯವೇ ಇಲ್ಲ, ನಮ್ಮ ರಕ್ತದಲ್ಲಿ ಅರ್ಧದಷ್ಟು ಪ್ಲಾಸ್ಮಾನೇ ಇರುವುದು. ಒಂದು ಹನಿಯನ್ನು ಸೆಲ್ ಕೌಂಟರಿನಲ್ಲಿ ಎಣಿಸಿ ವರದಿ ಕೊಡುತ್ತೀರಾ ಎಂದು ಕೇಳಿ. ಲ್ಯಾಬಿಗೆ ಅದು ಐದು ನಿಮಿಷದ ಕೆಲಸ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ನಾನು ಮಾತಾಡಿಸಿದ ಒಬ್ಬರು ಸಂತೋಷಪಟ್ಟು ತಮ್ಮ ವರದಿಗಳ ಫೈಲೇ ತೆಗೆದು ತೋರಿಸಿದರು.

ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್ ಥರದ ನೋವಿನ ಮಾತ್ರೆಗಳನ್ನು ಇಂಜೆಕ್ಷನ್ನಿಗೆ ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಅವು ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿ. ಹಾಕಿದ ಮೇಲೆ ಎರಡು ಮೂರು ದಿನ ನೋವು ಜಾಸ್ತಿಯೇ ಆಗುತ್ತದೆ, ಪ್ಯಾರಾಸಿಟಮಾಲ್ ಸಾಕು. ಆದರೆ ಜಯದೇವದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನುಂಗುತ್ತಿರುವವರು ಮಂಡಿಯ ಆಸೆಗೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡುವ ಹಾಗಿಲ್ಲ. ಪ್ಲೇಟ್‌ಲೆಟ್ ಕಡಿಮೆ ಇರುವವರು, ಮೈಯಲ್ಲಿ ಸೋಂಕು ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಪಿಆರ್‌ಪಿಯಿಂದ ದೂರ ಇರಬೇಕು. ಹಾಕಿದ ಮೇಲೆ ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಅವ್ವನ 48 ಸಾವಿರ ಇನ್ನೂ ಬ್ಯಾಂಕಿನಲ್ಲೇ ಇದೆ. ಅದರಲ್ಲಿ ಸ್ವಲ್ಪ ತೆಗೆದು ಊರಿನ ಮನೆಯ ಕಕ್ಕಸಿಗೆ ಕಮೋಡ್ ಹಾಕಿಸಿದೆವು. ಈಳಿಗೆಮಣೆ ಅಟ್ಟ ಸೇರಿತು, ತರಕಾರಿ ಈಗ ಮೇಜಿನ ಮೇಲೆ. ಬೆಳಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಕುರ್ಚಿಯಿಂದ ಕೈ ಊರದೆ ಏಳಬೇಕು. ಮೊದಲ ವಾರ ಮೂರಕ್ಕೇ ಸಾಕು ಎನ್ನುತ್ತಿದ್ದಳು. ಒಂಬತ್ತನೇ ವಾರ ಈಗ. ನಿನ್ನೆ ಫೋನಿನಲ್ಲಿ, "ನಾಲೆ ಏರಿಗಂಟ ಹೋಗಿ ಬಂದೆ ಕಣ್ ಮಗ, ಒಂದ್ ಕಡೆನೂ ಕೂರ್ನಿಲ್ಲ" ಎಂದಳು. ಬಲಗಾಲು ಇನ್ನೂ ನೋಯುತ್ತದಂತೆ. ಮೂರು ತಿಂಗಳು ತುಂಬಿದ ಮೇಲೆ ಡಾಕ್ಟರು ಮತ್ತೆ ನೋಡುತ್ತಾರೆ. ಆಗಲೂ ಬೇಕು ಅನ್ನಿಸಿದರೆ ಬಲ ಮಂಡಿಗೆ ಒಂದೇ ಒಂದು, ವರದಿಯ ಫೈಲ್ ತೋರಿಸಿದ ಡಾಕ್ಟರ ಹತ್ತಿರ. ಟ್ಯೂಬಿನ ಮೇಲೆ ಅವ್ವನ ಹೆಸರನ್ನು ನಾನೇ ಬರೆಯುತ್ತೇನೆ.